ಗೋಲು ತಡೆದವರ ಲೆಕ್ಕ ಯಾರು ಇಡಬೇಕು?

ಫಿಲಡೆಲ್ಫಿಯಾ ಫ್ಲೈಯರ್ಸ್ ಐಸ್ ಹಾಕಿ ತಂಡ ಪ್ರತಿ ವರ್ಷ ತನ್ನ ಅತ್ಯುತ್ತಮ ಡಿಫೆನ್ಸ್‌ಮನ್‌ಗೆ, ಅಂದರೆ ಎದುರಾಳಿಯ ಗೋಲು ತಡೆಯುವ ರಕ್ಷಣಾ ಆಟಗಾರನಿಗೆ, ಬ್ಯಾರಿ ಆಶ್ಬೀ ಟ್ರೋಫಿ ಕೊಡುತ್ತದೆ. ಆ ಊರಿನ ಆಚೆ ಇದರ ಸುದ್ದಿ ಎತ್ತುವವರು ಕಡಿಮೆ. ಈ ತಂಡ ಆಡುವ ಎನ್‌ಎಚ್‌ಎಲ್ ಲೀಗ್ ಎಲ್ಲ ತಂಡಗಳ ಪೈಕಿ ಅತ್ಯುತ್ತಮ ಡಿಫೆನ್ಸ್‌ಮನ್‌ಗೆ ಕೊಡುವ ನಾರಿಸ್ ಟ್ರೋಫಿಗೇ ಎಲ್ಲ ಹೆಸರು. ಆದರೆ ಡಿಫೆನ್ಸ್‌ಮನ್ ಒಬ್ಬನಿಗೆ ಸಿಗುವ ಗೌರವಗಳಲ್ಲಿ ಆಶ್ಬೀ ಟ್ರೋಫಿಯೇ ಒಂದು ಕೈ ಮೇಲು ಅಂತ ನನಗೆ ಅನ್ನಿಸುತ್ತದೆ.

ಮೊದಲು ಆ ಹೆಸರಿನ ಮನುಷ್ಯನ ಬಗ್ಗೆ ಹೇಳಬೇಕು.

ಆಶ್ಬೀ ಹುಟ್ಟಿದ್ದು 1939ರಲ್ಲಿ, ಕೆನಡಾದ ಒಂಟಾರಿಯೋದಲ್ಲಿ. ಪ್ರಾಯದ ವರ್ಷಗಳೆಲ್ಲ ಕೆಳಗಿನ ಲೀಗಿನಲ್ಲೇ ಕಳೆದವು, ಹೆಚ್ಚಿನ ಪಾಲು ಹರ್ಷಿ ಬೇರ್ಸ್ ತಂಡದಲ್ಲಿ. ನಡುವೆ ಬಾಸ್ಟನ್ ಬ್ರೂಯಿನ್ಸ್ ಕರೆಸಿಕೊಂಡು 14 ಪಂದ್ಯ ಆಡಿಸಿ ವಾಪಸ್ ಕಳಿಸಿತು. 1970ರಲ್ಲಿ ಫ್ಲೈಯರ್ಸ್ ತೆಗೆದುಕೊಂಡಾಗ ಅವರಿಗೆ ಮೂವತ್ತು. ಬೇರೆಯವರು ಆಟ ಬಿಡುವ ಯೋಚನೆ ಮಾಡುವ ವಯಸ್ಸು ಅದು. ಅಲ್ಲಿಂದ ನಾಲ್ಕು ಋತು ಆಡಿದರು. 1973-74ರಲ್ಲಿ ಕುತ್ತಿಗೆಯ ನೋವಿಗೆ ಕಾಲರ್ ಕಟ್ಟಿಕೊಂಡೇ ಮಂಜಿಗೆ ಇಳಿಯುತ್ತಿದ್ದರು. ಆ ವರ್ಷ ಅವರ ಪ್ಲಸ್-ಮೈನಸ್ ಲೆಕ್ಕ ಪ್ಲಸ್ 52. ಅಂದರೆ ಅವರು ಆಡುತ್ತಿದ್ದಾಗ ಎದುರಾಳಿಗೆ ಬಿಟ್ಟುಕೊಟ್ಟದ್ದಕ್ಕಿಂತ ಅಷ್ಟು ಗೋಲು ಜಾಸ್ತಿ ತಂಡಕ್ಕೆ ಬಂದಿದ್ದವು. ಅದರಲ್ಲಿ ಅವರೇ ಹೊಡೆದವು ಬೆರಳೆಣಿಕೆಯಷ್ಟು.

1974ರ ಏಪ್ರಿಲ್ 28, ನ್ಯೂಯಾರ್ಕ್. ರೇಂಜರ್ಸ್ ವಿರುದ್ಧ ಸೆಮಿಫೈನಲ್ ಸರಣಿಯ ನಾಲ್ಕನೇ ಪಂದ್ಯ, ಓವರ್‌ಟೈಮ್. ರೇಂಜರ್ಸ್‌ನ ಡೇಲ್ ರೋಲ್ಫ್ ಹೊಡೆದ ಪಕ್ ಸೀದಾ ಬಂದು ಆಶ್ಬೀ ಅವರ ಕಣ್ಣಿಗೆ ಬಡಿಯಿತು. ಪಕ್ ಅಂದರೆ ಫ್ರೀಜರ್‌ನಲ್ಲಿಟ್ಟು ಗಟ್ಟಿ ಮಾಡಿದ ರಬ್ಬರ್ ಬಿಲ್ಲೆ, ಸುಮಾರು 170 ಗ್ರಾಂ. ಆಟ ಅಲ್ಲಿಗೇ ಮುಗಿಯಿತು, ಅವತ್ತಿನದು ಮಾತ್ರ ಅಲ್ಲ, ಜೀವನಪೂರ್ತಿಯದು. ಮೂರು ವಾರ ಕಳೆಯುವಷ್ಟರಲ್ಲಿ ಫ್ಲೈಯರ್ಸ್ ಮೊದಲ ಸಲ ಲೀಗಿನ ಚಾಂಪಿಯನ್‌ಗೆ ಸಿಗುವ ಸ್ಟ್ಯಾನ್ಲಿ ಕಪ್ ಗೆದ್ದಿತು. ಫೈನಲ್‌ನಲ್ಲಿ ಸೋತದ್ದು ಅದೇ ಬಾಸ್ಟನ್.

ಅವರು ಮನೆ ಹಿಡಿದು ಕೂರಲಿಲ್ಲ. ಅದೇ ತಂಡಕ್ಕೆ ಸಹಾಯಕ ಕೋಚ್ ಆಗಿ ಬಂದರು, 1975ರಲ್ಲಿ ಇನ್ನೊಂದು ಕಪ್ ಕಂಡರು. 1977ರಲ್ಲಿ ರಕ್ತದ ಕ್ಯಾನ್ಸರ್ ಅಂತ ಗೊತ್ತಾಯಿತು. ಒಂದು ತಿಂಗಳ ಆಸುಪಾಸಿನಲ್ಲೇ ಹೋಗಿಬಿಟ್ಟರು, ಮೇ 12ರಂದು. ವಯಸ್ಸು 37. ಅವರ 4ನೇ ನಂಬರಿನ ಜೆರ್ಸಿಯನ್ನು ಫ್ಲೈಯರ್ಸ್‌ನಲ್ಲಿ ಈಗ ಯಾರೂ ಹಾಕುವುದಿಲ್ಲ.

ಈಗ ನಾರಿಸ್ ವಿಷಯಕ್ಕೆ ಬರೋಣ. ಅದಕ್ಕೆ ಮತ ಹಾಕುವ ಪತ್ರಕರ್ತರು ಇಡೀ ಲೀಗಿನ ಉದ್ದಗಲಕ್ಕೂ ಇದ್ದಾರೆ. ಎಲ್ಲ ತಂಡದ ಎಲ್ಲ ಪಂದ್ಯ ನೋಡಲು ಯಾರಿಂದಲೂ ಆಗಲ್ಲ, ಅಲ್ವಾ? ಹಾಗಾಗಿ ಕಣ್ಣು ಸಹಜವಾಗಿ ಗೋಲು, ಅಸಿಸ್ಟ್‌ಗಳ (ಗೋಲಿಗೆ ನೆರವಾದ ಪಾಸ್‌ಗಳ) ಪಟ್ಟಿಗೆ ಹೋಗುತ್ತದೆ. ಆದರೆ ಡಿಫೆನ್ಸ್‌ಮನ್ ಕೆಲಸದ ಮುಕ್ಕಾಲು ಪಾಲು ಆ ಪಟ್ಟಿಯಲ್ಲಿ ಇರುವುದೇ ಇಲ್ಲ. ಎದುರಾಳಿ ವೇಗವಾಗಿ ನುಗ್ಗಿ ಬರುತ್ತಾನೆ. ಇವನು ಹಿಮ್ಮುಖವಾಗಿ ಸ್ಕೇಟ್ ಮಾಡುತ್ತಲೇ ಸ್ಟಿಕ್ಕನ್ನು ಮುಂದೆ ಚಾಚಿ, ಇಬ್ಬರ ನಡುವಿನ ಅಂತರ ಕಾಯ್ದುಕೊಂಡು, ಅವನನ್ನು ನಿಧಾನವಾಗಿ ಗೋಡೆಯ ಕಡೆ ತಳ್ಳುತ್ತಾನೆ. ಅಲ್ಲಿಂದ ಹೊಡೆದರೆ ಗೋಲು ಆಗುವುದು ಕಷ್ಟ. ಹತ್ತೇ ಸೆಕೆಂಡಿನ ಕೆಲಸ. ಯಾವ ಹೈಲೈಟ್ಸ್‌ನಲ್ಲೂ ಬರಲ್ಲ. ಕ್ರಿಕೆಟ್‌ನಲ್ಲಿ ಒಂದು ತುದಿಯಿಂದ ರನ್ ಬಿಡದೆ ಕಟ್ಟಿಹಾಕುವ ಬೌಲರ್ ಇರುತ್ತಾನಲ್ಲ, ವಿಕೆಟ್ ಬೀಳುವುದು ಇನ್ನೊಂದು ತುದಿಯಲ್ಲಿ, ಹಾಗೆ.

ಫ್ಲೈಯರ್ಸ್‌ನ ಡಿಫೆನ್ಸ್‌ಮನ್ ಮಾರ್ಕ್ ಹೋವ್ ಮೂರು ಸಲ ನಾರಿಸ್ ಮತದಾನದಲ್ಲಿ ಎರಡನೇ ಸ್ಥಾನಕ್ಕೆ ಬಂದರು. ಒಮ್ಮೆಯೂ ಕೈಗೆ ಸಿಗಲಿಲ್ಲ. 1985-86ರಲ್ಲಿ ಅವರ ಪ್ಲಸ್-ಮೈನಸ್ 80 ದಾಟಿತ್ತು, ಆದರೂ ಆ ವರ್ಷದ ಪ್ರಶಸ್ತಿ ಪಾಲ್ ಕಾಫಿ ಪಾಲಾಯಿತು. ಕಾಫಿ ಅಸಾಧಾರಣ ಆಟಗಾರ, ಗೋಲುಗಳ ದಾಖಲೆಯನ್ನೇ ಬರೆದವರು, ಅದರಲ್ಲಿ ಎರಡು ಮಾತಿಲ್ಲ. ಆದರೂ ನನ್ನ ಮತ ಹೋವ್‌ಗೇ. ಆಶ್ಬೀ ಟ್ರೋಫಿಗೆ ಮತ ಹಾಕುವ, ಫ್ಲೈಯರ್ಸ್ ಆಟವನ್ನು ದಿನಾ ಹತ್ತಿರದಿಂದ ನೋಡುವ ಪತ್ರಕರ್ತರು ಅವರಿಗೆ ನಾಲ್ಕು ಸಲ ಆಶ್ಬೀ ಟ್ರೋಫಿ ಕೊಟ್ಟರು.

ಎರಿಕ್ ಡೆಜಾರ್ಡನ್ ಕಥೆ ಇನ್ನೂ ಚೆನ್ನಾಗಿದೆ. 1993ರ ಸ್ಟ್ಯಾನ್ಲಿ ಕಪ್ ಫೈನಲ್‌ನಲ್ಲಿ ಮಾಂಟ್ರಿಯಲ್ ಪರ ಹ್ಯಾಟ್ರಿಕ್ ಹೊಡೆದರು. ಫೈನಲ್‌ನಲ್ಲಿ ಹಾಗೆ ಮಾಡಿದ ಮೊದಲ ಡಿಫೆನ್ಸ್‌ಮನ್ ಅವರೇ. ಹೊರಗಿನವರಿಗೆ ಅವರು ಇವತ್ತಿಗೂ ಆ ಒಂದು ರಾತ್ರಿಯ ಆಟಗಾರ. 1995ರಲ್ಲಿ ಫಿಲಡೆಲ್ಫಿಯಾಕ್ಕೆ ಬಂದ ಮೇಲೆ ಕ್ಯಾಮೆರಾಗಳೆಲ್ಲ ಗೋಲು ಹೊಡೆಯುವ ಫಾರ್ವರ್ಡ್‌ಗಳಾದ ಲಿಂಡ್ರೋಸ್ ಮತ್ತು ಲೆಕ್ಲೇರ್ ಹಿಂದೆ ಓಡಿದವು. ಹಿಂದೆ ನಿಂತು ಎಲ್ಲವನ್ನೂ ಸಂಭಾಳಿಸಿದ್ದು ಡೆಜಾರ್ಡನ್. ಏಳು ಸಲ ಆಶ್ಬೀ ಟ್ರೋಫಿ ಗೆದ್ದರು, ಬೇರೆ ಯಾರಿಗೂ ಅಷ್ಟು ಸಿಕ್ಕಿಲ್ಲ. ನಾರಿಸ್? ಒಂದೂ ಇಲ್ಲ.

ಇನ್ನೊಂದು ಮಾತು ಹೇಳದೆ ಇರಲಾರೆ. 2011ರಲ್ಲಿ ಇದೇ ಫ್ಲೈಯರ್ಸ್ ತಂಡದ ಕ್ರಿಸ್ ಪ್ರಾಂಗರ್ ಕಣ್ಣಿಗೆ ಎದುರಾಳಿಯ ಸ್ಟಿಕ್ ತಗುಲಿತು. ಮುಖಕ್ಕೆ ವೈಸರ್, ಅಂದರೆ ಹೆಲ್ಮೆಟ್‌ಗೆ ಹಾಕುವ ಕಣ್ಣಿನ ಪಾರದರ್ಶಕ ಕವಚ, ಇರಲಿಲ್ಲ. ಒಂದು ತಿಂಗಳೊಳಗೆ ಅವರ ಆಟವೂ ಮುಗಿಯಿತು. 2013ರಲ್ಲಿ ಫ್ಲೈಯರ್ಸ್‌ನ ಕಿಮೋ ಟಿಮೋನೆನ್ ಹೊಡೆದ ಪಕ್ ರೇಂಜರ್ಸ್‌ನ ಮಾರ್ಕ್ ಸ್ಟಾಲ್ ಕಣ್ಣಿಗೆ ಬಡಿಯಿತು. ಅದೇ ಎರಡು ತಂಡ, ಈ ಸಲ ಪೆಟ್ಟು ಬಿದ್ದದ್ದು ಆ ಕಡೆ. ಆಮೇಲೆ ಹೊಸ ಆಟಗಾರರಿಗೆ ವೈಸರ್ ಕಡ್ಡಾಯ ಆಯಿತು, 2013-14ರಿಂದ. ಆಶ್ಬೀ ಕಣ್ಣಿಗೆ ಪೆಟ್ಟು ಬಿದ್ದು ಅಷ್ಟೊತ್ತಿಗೆ 39 ವರ್ಷ. ಇಷ್ಟು ತಡ ಮಾಡಿದ್ದು ಲೀಗಿನ ದೊಡ್ಡ ತಪ್ಪು.

ಆಶ್ಬೀ ಟ್ರೋಫಿಗೆ ಮತ ಹಾಕುವವರಲ್ಲಿ ನನ್ನದೊಂದು ಕೋರಿಕೆ. ಗೋಲು, ಅಸಿಸ್ಟ್ ಕೂಡಿಸಿದ ಪಾಯಿಂಟ್ಸ್ ಪಟ್ಟಿಯನ್ನು ಕೊನೆಗೆ ನೋಡಿ. ಪೆನಾಲ್ಟಿಯಿಂದಾಗಿ ತಂಡದಲ್ಲಿ ಒಬ್ಬ ಕಡಿಮೆ ಇದ್ದಾಗ ಯಾರನ್ನು ಇಳಿಸಿದರು, ಒಂದು ಗೋಲಿನ ಮುನ್ನಡೆ ಇರುವಾಗ ಕೊನೆಯ ಎರಡು ನಿಮಿಷ ಯಾರನ್ನು ನಂಬಿದರು, ಅದನ್ನು ಮೊದಲು ನೋಡಿ. 284 ಪಂದ್ಯಗಳಲ್ಲಿ 15 ಗೋಲು ಹೊಡೆದವರ ಹೆಸರು ಆ ಟ್ರೋಫಿ ಮೇಲಿದೆ.