ಚಪ್ಪಾಳೆ ಅವರಿಗೆ, ಹಾರ್ನ್ ನಮಗೆ

2018ರ ಆಗಸ್ಟ್‌ನಲ್ಲಿ, ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ಗೆದ್ದು ಮರಳಿದ ಗೆರೈಂಟ್ ಥಾಮಸ್ ಅವರನ್ನು ಕಾಣಲು ವೇಲ್ಸ್ ರಾಜಧಾನಿ ಕಾರ್ಡಿಫ್‌ನ ಬೀದಿಗಳಲ್ಲಿ ಸಾವಿರಾರು ಜನ ಸೇರಿದ್ದರು. ಆ ಪ್ರಶಸ್ತಿ ಗೆದ್ದ ಮೊದಲ ವೇಲ್ಸ್ ಸವಾರ, ಸಂಭ್ರಮ ನ್ಯಾಯವಾದದ್ದೇ. ಆದರೆ ಹಾಗೆ ಚಪ್ಪಾಳೆ ತಟ್ಟುವ ಕೈಗಳೇ ಸ್ಟಿಯರಿಂಗ್ ಹಿಡಿದೊಡನೆ, ಸೈಕಲ್ಲಿನಲ್ಲಿ ಕೆಲಸಕ್ಕೆ ಹೊರಟವರ ಬೆನ್ನಿಗೆ ಹಾರ್ನ್ ಬಾರಿಸುವುದೇಕೆ? ಸೈಕಲ್ಲನ್ನು ಹಿಂದಿಕ್ಕುವಾಗ ಕನಿಷ್ಠ 1.5 ಮೀಟರ್ ಅಂತರ ಬಿಡಿ ಎಂದು ಬ್ರಿಟನ್ನಿನ ರಸ್ತೆ ನಿಯಮಾವಳಿ 2022ರಿಂದ ಹೇಳುತ್ತಿದೆ. ಆದರೂ ಕಾರಿನವರು ಮೊಣಕೈಗೆ ಕನ್ನಡಿ ತಾಗುವಷ್ಟು ಹತ್ತಿರ ನುಗ್ಗುತ್ತಾರೆ! ಸೈಕಲ್ ಪಥದಲ್ಲಿ ‘ಎರಡೇ ನಿಮಿಷ’ ಎಂದು ಕಾರು ನಿಲ್ಲಿಸುವವರಂತೂ ನಮ್ಮನ್ನು ಲಾರಿಗಳ ನಡುವೆ ತಳ್ಳುತ್ತಾರೆ. ಥಾಮಸ್ ಕೂಡ ಬಾಲಕನಾಗಿ ಇದೇ ಊರಿನ ಮೈಂಡಿ ಟ್ರ್ಯಾಕಿನಲ್ಲಿ ಪೆಡಲ್ ತುಳಿದವರು. ಈಗಿನ ಮಕ್ಕಳು ಮನೆಯಿಂದ ಆ ಟ್ರ್ಯಾಕಿನವರೆಗೆ ಹೆದರದೆ ಸೈಕಲ್ ತುಳಿಯಬೇಡವೇ? ದಯವಿಟ್ಟು ಸೈಕಲ್ ಪಥದಿಂದ ಆ ಕಾರನ್ನು ತೆಗೆಯಿರಿ.