ಯಾವ ಮಹದೇವ?

ಹೋದ ತಿಂಗಳು ಅಪ್ಪನನ್ನು ಮೈಸೂರಿನ ಒಂದು ಆಸ್ಪತ್ರೆಗೆ ಶುಗರ್ ಟೆಸ್ಟ್‌ಗೆ ಕರೆದುಕೊಂಡು ಹೋಗಿದ್ದೆ. ಕೌಂಟರಿನಿಂದ "ಮಹದೇವ" ಅಂತ ಕೂಗಿದರು. ಅಪ್ಪ ಹೋಗಿ ರಿಪೋರ್ಟ್ ಇಸ್ಕೊಂಡು ಬಂದರು. ಖಾಲಿ ಹೊಟ್ಟೇಲಿ 290 ಅಂತ ಇತ್ತು. ನನ್ನ ಎದೆ ಧಸಕ್ ಅಂತು. ಆಮೇಲೆ ನೋಡಿದರೆ ಅದರಲ್ಲಿ ವಯಸ್ಸು 41. ನಮ್ಮಪ್ಪನಿಗೆ 67.

ಹಿಂದಿನ ಬೆಂಚಿನಲ್ಲೇ ಕೂತಿದ್ದರು ಆ ಇನ್ನೊಬ್ಬ ಮಹದೇವ. ಹನೂರು ಕಡೆಯವರು. ಹೆಸರು ಕೂಗಿದಾಗ ಅವರೂ ಎದ್ದಿದ್ದರಂತೆ, ಅಪ್ಪ ಹೋಗಿದ್ದು ನೋಡಿ ಮತ್ತೆ ಕೂತರಂತೆ. ಅಪ್ಪ ರಿಪೋರ್ಟ್ ಕೈಗಿಟ್ಟು "ಇದು ನಿಮ್ದು ಕಣಪ್ಪ" ಅಂದರು. ಅವರು ಅದನ್ನು ಬಿಚ್ಚಿಯೂ ನೋಡದೆ, "ನೀವೂ ಮಾದಪ್ಪನ ಒಕ್ಲಾ ಅಣ್ಣ?" ಅಂತ ಕೇಳಿದರು. ಮಾದಪ್ಪ ಅಂದರೆ ಮಲೆ ಮಹದೇಶ್ವರ, ಒಕ್ಲು ಅಂದರೆ ಆ ದೇವರಿಗೆ ನಡೆದುಕೊಳ್ಳುವ ಮನೆತನ.

"ಹೂಂ. ಹರಕೆ ಹೊತ್ತು ಹುಟ್ಟಿದವನು."

"ನಾನೂ ಅಷ್ಟೇಯ."

"ಎಲ್ಲಿ ನೋಡಿದ್ರೂ ಅದೇ ಹೆಸರು, ಬೇರೆ ಸಿಗಲಿಲ್ವಾ?" ಅನ್ನುವ ಮಾತು ಕೇಳಿದಾಗೆಲ್ಲ ನನಗೆ ಬೇಜಾರಾಗುತ್ತದೆ. ನಮ್ಮ ಅಜ್ಜಿ ಎರಡು ಮಕ್ಕಳನ್ನು ಕಳೆದುಕೊಂಡು, ಮಾದಪ್ಪನ ಬೆಟ್ಟಕ್ಕೆ ನಡೆದುಕೊಂಡೇ ಹೋಗಿ ಬೇಡಿಕೊಂಡು ಪಡೆದ ಮಗ ನಮ್ಮಪ್ಪ. ಆ ಮಗುವಿಗೆ ಅವರು ಬೇರೆ ಯಾವ ಹೆಸರು ಇಡಬೇಕಿತ್ತು? ನಮ್ಮ ಕಡೆ ಹೆಸರು ಕೇಳಿದರೆ ದೇವರೂ ಗೊತ್ತಾಗುತ್ತೆ, ಎಷ್ಟೋ ಸಲ ದಿಕ್ಕೂ ಗೊತ್ತಾಗುತ್ತೆ. ನಂಜುಂಡ ಅಂದರೆ ನಂಜನಗೂಡು, ಚೆಲುವಯ್ಯ ಅಂದರೆ ಮೇಲುಕೋಟೆ, ಸಿದ್ದರಾಜು ಅಂದರೆ ಚಿಕ್ಕಲ್ಲೂರಿನ ಸಿದ್ದಪ್ಪಾಜಿ.

ಅದರ ಮೇಲೆ ತಾತನ ಹೆಸರು ಮೊಮ್ಮಗನಿಗೆ ಇಡುವ ಪದ್ಧತಿ ಬೇರೆ. ಅಣ್ಣತಮ್ಮಂದಿರು ಇಬ್ಬರೂ ತಮ್ಮ ಮಗನಿಗೆ ಅಪ್ಪನ ಹೆಸರೇ ಇಡುತ್ತಾರೆ. ಹಂಗಾಗಿ ಎಷ್ಟೋ ಸಲ ಅಪ್ಪಂದಿರ ಹೆಸರೂ ಒಂದೇ ಆಗಿರುತ್ತೆ; ಮಳವಳ್ಳಿ ಕಡೆ ನಮ್ಮ ಊರಿನ ಪಹಣಿಯಲ್ಲಿ "ಮಹದೇವ ಬಿನ್ ಸಿದ್ದೇಗೌಡ" ಅಂತ ಇಬ್ಬರಿದ್ದಾರೆ. ಸಾಲ ಒಬ್ಬರದು, ನೋಟಿಸ್ ಇನ್ನೊಬ್ಬರಿಗೆ ಬಂದಿದ್ದೂ ಉಂಟು. ಊರೊಳಗೆ ಮಾತ್ರ ಯಾರಿಗೂ ಗೊಂದಲ ಇಲ್ಲ. ಆಲೆಮನೆ ಮಾದೇವ, ಡೈರಿ ಮಾದೇವ, ಮೂಲೆಮನೆ ಮಾದೇವ. ಅರಮನೆಯಲ್ಲೂ ಒಂದೇ ಹೆಸರು ಮತ್ತೆ ಮತ್ತೆ ಬಂದಿದ್ದಕ್ಕೇ ಅಲ್ವಾ, ಮುಮ್ಮಡಿ, ನಾಲ್ವಡಿ ಅಂತ ನಾವು ಕರೆಯೋದು?

ಚುನಾವಣೆ ನಡೆಸುವವರಿಗೂ ಇದು ಗೊತ್ತು. ಒಂದೇ ಹೆಸರಿನ ಅಭ್ಯರ್ಥಿಗಳಿದ್ದರೆ ಕಸುಬೋ ಊರೋ ಸೇರಿಸಿ ಬರೆಯಬೇಕು ಅಂತ ನಿಯಮವೇ ಇದೆ. 2015ರಿಂದ ಮತಯಂತ್ರದಲ್ಲಿ ಫೋಟೋ ಕೂಡ ಬಂತು. 2019ರಲ್ಲಿ ನಮ್ಮ ಮಂಡ್ಯ ಲೋಕಸಭಾ ಕಣದಲ್ಲಿ ಸುಮಲತಾ ಅಂಬರೀಶ್ ಅವರಲ್ಲದೆ ಇನ್ನೂ ಮೂವರು ಸುಮಲತಾ ಇದ್ದರು. ಆದರೂ ಅವರು 1.25 ಲಕ್ಷಕ್ಕೂ ಜಾಸ್ತಿ ಮತಗಳಿಂದ ಗೆದ್ದರು. ಯಾವ ಸುಮಲತಾ ಅಂತ ಜನ ನೋಡಿಯೇ ಬಟನ್ ಒತ್ತಿದ್ದರು.

ಮತ ಹಾಕೋ ಕಡೆ ಇಷ್ಟು ಎಚ್ಚರ ಇದೆ. ರಕ್ತದ ರಿಪೋರ್ಟ್ ಕೊಡುವ ಕಡೆ ಬೇಡವಾ? ಸುಮ್ನೆ ಹೆಸರು ಕೂಗಿ ಕೊಡಬೇಡಿ. ಊರು ಕೇಳಿ, ತಂದೆ ಹೆಸರು ಕೇಳಿ, ವಯಸ್ಸು ನೋಡಿ. ಅರ್ಧ ನಿಮಿಷದ ಕೆಲಸ. ಆ ರಿಪೋರ್ಟ್ ನೋಡಿ ಡಾಕ್ಟರ್ ಅಪ್ಪನಿಗೆ ಮಾತ್ರೆ ಜಾಸ್ತಿ ಮಾಡಿದ್ದರೆ? 290 ಇದ್ದ ಆ ಮನುಷ್ಯ "ಎಲ್ಲ ಸರಿ ಇದೆ" ಅಂದುಕೊಂಡು ಹನೂರಿಗೆ ಬಸ್ ಹತ್ತಿದ್ದರೆ?

ಅವತ್ತು ಅಪ್ಪ ಅವರ ನಂಬರ್ ತಗೊಂಡರು. ಈಗ ವಾರಕ್ಕೊಂದು ಸಲ ಫೋನ್ ಮಾಡಿ, "ಮಾದೇವಪ್ಪ, ಶುಗರ್ ಎಷ್ಟೈತೆ?" ಅಂತ ಕೇಳುತ್ತಾರೆ. ಮೊನ್ನೆ 180ಕ್ಕೆ ಇಳಿದಿತ್ತಂತೆ.