ಚಾನ್ಸೆಲರ್ ಕುರ್ಚಿಯ ಜಗಳ ಕಾಸರಗೋಡಿಗೂ ಸೇರಿದ್ದು

ಕೇರಳದಲ್ಲಿ ಕಣ್ಣೂರಿನಂಥ ವಿಶ್ವವಿದ್ಯಾಲಯಗಳ ಚಾನ್ಸೆಲರ್, ಅಂದರೆ ಕುಲಾಧಿಪತಿ, ರಾಜ್ಯಪಾಲರೇ. ಈ ವಿಶ್ವವಿದ್ಯಾಲಯಗಳ ವಿಷಯಕ್ಕೆ ಅವರಿಗೂ ಸರ್ಕಾರಕ್ಕೂ ಜಟಾಪಟಿ ಶುರುವಾಗಿ ವರ್ಷಗಳೇ ಆದವು. ನಮ್ಮ ಕಾಸರಗೋಡಿನ ಕನ್ನಡಿಗರಲ್ಲಿ ಈ ಮಾತು ಎತ್ತಿದರೆ, "ಅದು ತಿರುವನಂತಪುರದವರ ರಾಜಕೀಯ ಮಾರಾಯ್ರೆ, ನಮಗೆಂತ?" ಅಂತ ಹೇಳಿ ಮುಗಿಸುವವರೇ ಜಾಸ್ತಿ. ನನಗೆ ಹಾಗೆ ಅನಿಸುವುದಿಲ್ಲ. ಬದಿಯಡ್ಕದ, ಉಪ್ಪಳದ, ಮುಳ್ಳೇರಿಯದ ಮಕ್ಕಳು ಡಿಗ್ರಿಯಲ್ಲಿ ಯಾವ ಪಾಠ ಓದಬೇಕು ಎಂಬಲ್ಲಿಯವರೆಗೂ ಆ ಜಗಳ ಬಂದು ಮುಟ್ಟುತ್ತದೆ.

ಕಣ್ಣೂರು ವಿಶ್ವವಿದ್ಯಾಲಯವನ್ನೇ ನೋಡಿ. ವಿದ್ಯಾನಗರದ ಸರ್ಕಾರಿ ಕಾಲೇಜು, ಮಂಜೇಶ್ವರದ ಗೋವಿಂದ ಪೈ ಕಾಲೇಜು ಎರಡೂ ಅದರ ಕೆಳಗೆ ಬರುತ್ತವೆ. ಪಠ್ಯ ಗೊತ್ತುಮಾಡುವುದು ಪ್ರತಿ ವಿಷಯಕ್ಕೂ ಇರುವ ಬೋರ್ಡ್ ಆಫ್ ಸ್ಟಡೀಸ್. ಈ ಬೋರ್ಡ್‌ಗಳನ್ನು ವಿಶ್ವವಿದ್ಯಾಲಯ ತಾನಾಗಿ ಹೊಸದಾಗಿ ರಚಿಸಿದಾಗ, ಸದಸ್ಯರ ನಾಮನಿರ್ದೇಶನ ಚಾನ್ಸೆಲರ್ ಅಧಿಕಾರ ಅಂತ ಹೇಳಿ 2022ರಲ್ಲಿ ಕೇರಳ ಹೈಕೋರ್ಟ್ ಅದನ್ನು ರದ್ದು ಮಾಡಿತು. ಅಂದರೆ ನಮ್ಮ ಕಾಲೇಜಿನ ತರಗತಿಯ ದಾರಿ ರಾಜ್ಯಪಾಲರ ಮೇಜಿನ ಮೇಲೆ ಹಾದುಹೋಗುತ್ತದೆ. ಅಲ್ಲಿ ಕಡತ ನಿಂತರೆ ಇಲ್ಲಿ ಪಾಠ ನಿಲ್ಲುತ್ತದೆ. ಇದು ನಮ್ಮ ವಿಷಯ ಅಲ್ವಾ?

ರಾಜ್ಯಪಾಲರೇ ಚಾನ್ಸೆಲರ್ ಆಗಿರಬೇಕು ಅಂತ ಸಂವಿಧಾನ ಎಲ್ಲೂ ಹೇಳಿಲ್ಲ. ಆ ಹುದ್ದೆ ಕೊಟ್ಟಿರುವುದು ಆಯಾ ವಿಶ್ವವಿದ್ಯಾಲಯದ ಕಾಯ್ದೆ. ರೂಢಿ ಬಂದದ್ದು 1857ರಿಂದ. ಆ ವರ್ಷ ಕಲ್ಕತ್ತ, ಮುಂಬಯಿ, ಮದ್ರಾಸ್ ವಿಶ್ವವಿದ್ಯಾಲಯಗಳು ಹುಟ್ಟಿದವು. ಮದ್ರಾಸಿಗೆ ಬ್ರಿಟಿಷ್ ಗವರ್ನರೇ ಚಾನ್ಸೆಲರ್. ನಮ್ಮ ಊರು ಆಗ ಮದ್ರಾಸ್ ಪ್ರಾಂತ್ಯದಲ್ಲಿ ಇತ್ತು. ನನ್ನ ಅಜ್ಜ ಮಂಗಳೂರಿನಲ್ಲಿ ಓದಿ ತಂದ ಬಿ.ಎ. ಮದ್ರಾಸಿನದ್ದು. ಚಿಕ್ಕಮ್ಮನದ್ದು ಕಲ್ಲಿಕೋಟೆ ವಿಶ್ವವಿದ್ಯಾಲಯದ್ದು, ನನ್ನದು ಕಣ್ಣೂರಿನದ್ದು. 1956ರಲ್ಲಿ ರಾಜ್ಯ ಬದಲಾಯಿತು, 1968ರಲ್ಲಿ ಕಲ್ಲಿಕೋಟೆ ಬಂತು, 1996ರಲ್ಲಿ ಕಣ್ಣೂರು ಬಂತು. ಮನೆಯವರು ಯಾರೂ ಜಾಗ ಬಿಟ್ಟು ಕದಲಲಿಲ್ಲ. ಮೂರು ತಲೆಮಾರಿಗೂ ಚಾನ್ಸೆಲರ್ ಮಾತ್ರ ಗವರ್ನರ್ರೇ. ಮೈಸೂರಿನ ಕಥೆ ಸ್ವಲ್ಪ ಬೇರೆ. 1916ರಲ್ಲಿ ಅಲ್ಲಿನ ಮೊದಲ ಚಾನ್ಸೆಲರ್ ನಾಲ್ವಡಿ ಕೃಷ್ಣರಾಜ ಒಡೆಯರ್. ತಾವೇ ನಿಂತು ಕಟ್ಟಿಸಿದ ಸಂಸ್ಥೆ ಅದು. ಆ ಅಕ್ಕರೆ ಒಂದು ಹುದ್ದೆಯ ಜೊತೆ ತಾನಾಗಿ ಬರುವುದಿಲ್ಲ.

ಕಣ್ಣೂರಿನ ಇನ್ನೊಂದು ಕೇಸ್, ಅಂದರೆ ವಿಸಿ (ವೈಸ್ ಚಾನ್ಸೆಲರ್, ಕುಲಪತಿ) ನೇಮಕದ ಕೇಸ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಲೇಬೇಕು. 2021ರ ನವೆಂಬರ್‌ನಲ್ಲಿ ಅಲ್ಲಿನ ವಿಸಿ ಗೋಪಿನಾಥ್ ರವೀಂದ್ರನ್ ಅವರ ಅವಧಿ ಮುಗಿಯುವುದರಲ್ಲಿತ್ತು. ಹೊಸಬರನ್ನು ಹುಡುಕುವ ಕೆಲಸ ಶುರುವಾಗಿ, ನಡುವೆಯೇ ನಿಂತಿತು. ಅವರನ್ನೇ ಮತ್ತೆ ನೇಮಿಸಿ ಅಂತ ಉನ್ನತ ಶಿಕ್ಷಣ ಸಚಿವೆ ಆರ್. ಬಿಂದು ಚಾನ್ಸೆಲರ್‌ಗೆ ಪತ್ರ ಬರೆದರು. ಆಗ ರಾಜ್ಯಪಾಲರಾಗಿದ್ದ ಆರಿಫ್ ಮೊಹಮ್ಮದ್ ಖಾನ್ ಸಹಿ ಹಾಕಿದರು. ಮರು ತಿಂಗಳೇ ಅವರು ಮುಖ್ಯಮಂತ್ರಿಗೆ ಪತ್ರ ಬರೆದು, ನನಗೆ ಈ ಹುದ್ದೆ ಬೇಡ, ಕಾನೂನು ತಿದ್ದಿ ನೀವೇ ಚಾನ್ಸೆಲರ್ ಆಗಿ ಎಂದರು. ನೇಮಕವನ್ನು ಪ್ರಶ್ನಿಸಿದವರು ಹೈಕೋರ್ಟಿನಲ್ಲಿ ಎರಡು ಸಲ ಸೋತು ಸುಪ್ರೀಂ ಕೋರ್ಟಿಗೆ ಹೋದರು.

2023ರ ನವೆಂಬರ್ 30ರಂದು ತೀರ್ಪು ಬಂತು. ಮರುನೇಮಕಕ್ಕೆ ವಯಸ್ಸಿನ ಮಿತಿ ಅಡ್ಡ ಬರುವುದಿಲ್ಲ, ಅದಕ್ಕೆ ಹೊಸದಾಗಿ ಹುಡುಕಾಟವೂ ಬೇಕಿಲ್ಲ ಅಂತ ಕೋರ್ಟ್ ಒಪ್ಪಿಕೊಂಡಿತು. ಆದರೂ ನೇಮಕ ಬಿದ್ದುಹೋಯಿತು. ಕಾರಣ ಒಂದೇ. ಚಾನ್ಸೆಲರ್ ತಾವೇ ಯೋಚಿಸಿ ತೀರ್ಮಾನಿಸಬೇಕಿತ್ತು, ಸರ್ಕಾರ ಹೇಳಿದ್ದಕ್ಕೆ ಮಣಿದರು. ರಾಜ್ಯಪಾಲರಾಗಿ ಅವರು ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು. ಚಾನ್ಸೆಲರ್ ಆಗಿ ಹಾಗಲ್ಲ, ಕಾಯ್ದೆ ಕೊಟ್ಟ ಅಧಿಕಾರ ಅವರದ್ದೇ. ಅದನ್ನು ಬೇರೆಯವರ ಕೈಗೆ ಬಿಡುವ ಹಾಗಿಲ್ಲ.

ನನಗೆ ಈ ತೀರ್ಪು ಸರಿ ಅನಿಸುತ್ತದೆ. ಆದರೆ ಅದನ್ನು ಓದಿದ ಮೇಲೆ ಒಂದು ಪ್ರಶ್ನೆ ಬಿಡದೆ ಕಾಡುತ್ತದೆ. ಅಷ್ಟು ದೊಡ್ಡ ತೀರ್ಮಾನ ಒಬ್ಬರೇ ಸ್ವಂತ ಬುದ್ಧಿಯಿಂದ ಮಾಡಬೇಕು ಅಂತಾದರೆ, ಆ ಒಬ್ಬರು ದೆಹಲಿಯಿಂದ ನೇಮಕವಾಗಿ ಬಂದು ಇನ್ನೊಂದು ದೊಡ್ಡ ಕೆಲಸದಲ್ಲಿ ಮುಳುಗಿರುವ ವ್ಯಕ್ತಿಯೇ ಯಾಕೆ ಆಗಬೇಕು? ಸಂವಿಧಾನ ಹೇಳದ ಇಂಥ ಹುದ್ದೆಗಳನ್ನು ರಾಜ್ಯಪಾಲರ ಮೇಲೆ ಹೇರಬೇಡಿ ಅಂತ ಕೇಂದ್ರ-ರಾಜ್ಯ ಸಂಬಂಧಗಳನ್ನು ಪರಿಶೀಲಿಸಿದ ಪೂಂಛಿ ಆಯೋಗ 2010ರಲ್ಲೇ ಹೇಳಿತ್ತು.

ಹಾಗಂತ ಕೇರಳ ಸರ್ಕಾರದ ದಾರಿ ನನಗೆ ಪೂರ್ತಿ ಒಪ್ಪಿಗೆಯೂ ಅಲ್ಲ. 2022ರ ಡಿಸೆಂಬರ್ 13ರಂದು ವಿಧಾನಸಭೆ ಒಂದು ಮಸೂದೆ ಪಾಸು ಮಾಡಿತು. ರಾಜ್ಯಪಾಲರ ಬದಲು ಹೆಸರಾಂತ ಶಿಕ್ಷಣ ತಜ್ಞರನ್ನೋ ಸಾಧಕರನ್ನೋ ಸರ್ಕಾರವೇ ಚಾನ್ಸೆಲರ್ ಮಾಡುವ ಮಸೂದೆ ಅದು. ನಿವೃತ್ತ ನ್ಯಾಯಮೂರ್ತಿಗಳು ಇರಲಿ ಅಂತ ವಿರೋಧ ಪಕ್ಷ ಕೇಳಿತ್ತು. ಕೊನೆಗೆ ಮಸೂದೆ ರಾಷ್ಟ್ರಪತಿಯವರೆಗೆ ಹೋಗಿ 2024ರಲ್ಲಿ ಅಂಕಿತ ಸಿಗದೆ ಬಿತ್ತು. ಮಸೂದೆ ಪಾಸಾದ 2022ರ ಡಿಸೆಂಬರ್‌ನಲ್ಲೇ ಕೇರಳದ ಕಲಾ ವಿಶ್ವವಿದ್ಯಾಲಯವಾದ ಕಲಾಮಂಡಲಂಗೆ ಸರ್ಕಾರ ಮಲ್ಲಿಕಾ ಸಾರಾಭಾಯಿ ಅವರನ್ನು ಚಾನ್ಸೆಲರ್ ಮಾಡಿತು. ಆಯ್ಕೆ ಚೆನ್ನಾಗಿಯೇ ಇದೆ. ನೃತ್ಯ ಬಲ್ಲವರು ಕಲಾ ಸಂಸ್ಥೆಗೆ ಬಂದರು. ಆದರೆ ಮುಂದಿನ ಸರ್ಕಾರವೂ ಅಂಥವರನ್ನೇ ಹುಡುಕುತ್ತದೆ ಅಂತ ನಂಬುವುದು ಯಾವ ಧೈರ್ಯದಿಂದ?

ನಮ್ಮ ಜಿಲ್ಲೆಯಲ್ಲೇ ಇನ್ನೊಂದು ಮಾದರಿಯೂ ಇದೆ. ಪೆರಿಯದಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ 2009ರ ಕಾಯ್ದೆಯಂತೆ ರಾಷ್ಟ್ರಪತಿ ವಿಸಿಟರ್, ಅಂದರೆ ಎಲ್ಲರಿಗಿಂತ ಮೇಲಿನವರು. ಚಾನ್ಸೆಲರ್ ಬೇರೆ, ಅವರ ಮುಖ್ಯ ಕೆಲಸ ಘಟಿಕೋತ್ಸವದ ಅಧ್ಯಕ್ಷತೆ. ವಿಸಿಯನ್ನು ನೇಮಿಸುವುದು ವಿಸಿಟರ್. ಅಲ್ಲಿ ಚಾನ್ಸೆಲರ್ ಕುರ್ಚಿಗೆ ಜಗಳ ಇಲ್ಲ, ಆದರೆ ಕೀಲಿಕೈ ದೆಹಲಿಯಲ್ಲಿದೆ.

ಈ ಪದವಿಯನ್ನು ನಮಗೆ ಕೊಟ್ಟುಹೋದ ಬ್ರಿಟಿಷರೇ ತಮ್ಮಲ್ಲಿ ಅದನ್ನು ತಿದ್ದಿಕೊಂಡಿದ್ದಾರೆ. ಅವರ ಸರ್ಕಾರದ ಲಾರ್ಡ್ ಚಾನ್ಸೆಲರ್ ಒಂದೇ ಹೊತ್ತಿಗೆ ಮಂತ್ರಿ, ನ್ಯಾಯಾಂಗದ ಮುಖ್ಯಸ್ಥ, ಮೇಲ್ಮನೆಯ ಸಭಾಪತಿ ಎಲ್ಲವೂ ಆಗಿದ್ದರು. 2005ರ ಕಾನೂನು ಅದನ್ನು ಬಿಡಿಸಿ ಹಾಕಿತು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಚಾನ್ಸೆಲರನ್ನು ಅಲ್ಲಿ ಓದಿದವರು, ಅಲ್ಲಿನ ಸಿಬ್ಬಂದಿ ಮತ ಹಾಕಿ ಆರಿಸುತ್ತಾರೆ. 2024ರಲ್ಲಿ ಆನ್‌ಲೈನ್ ಮತದಲ್ಲಿ ವಿಲಿಯಂ ಹೇಗ್ ಗೆದ್ದರು. ಅವರು ರಾಜಕಾರಣಿಯೇ, ನಿಜ. ಆದರೆ ಅವರನ್ನು ಕೂರಿಸಿದ್ದು ಸರ್ಕಾರವಲ್ಲ.

ನಮಗೂ ಇದೇ ಆಗಲಿ ಅನ್ನುವುದು ನನ್ನ ಆಸೆ. ಕಣ್ಣೂರಿನ ಚಾನ್ಸೆಲರನ್ನು ಕಣ್ಣೂರಿನಲ್ಲಿ ಓದಿದವರು ಆರಿಸಲಿ. ಕಾಸರಗೋಡಿನ ಕನ್ನಡ ಪದವೀಧರರ ಮನೆಗೂ ಅಭ್ಯರ್ಥಿಗಳು ಮತ ಕೇಳಿಕೊಂಡು ಬರಲಿ. ಆಗ ನಾವು ಕೂರಿಸಿ ಚಾ ಕೊಟ್ಟು ಕೇಳಬಹುದು, ಕನ್ನಡ ಬೋರ್ಡಿಗೆ ಯಾರನ್ನು ಹಾಕುತ್ತೀರಿ ಅಂತ. ಪಕ್ಷಗಳು ನುಗ್ಗುವುದಿಲ್ಲವಾ? ನುಗ್ಗುತ್ತವೆ. ಈಗ ಬಾಗಿಲು ಹಾಕಿಕೊಂಡು ನಡೆಯುವುದು ಆಗ ಎಲ್ಲರ ಎದುರು ನಡೆಯುತ್ತದೆ.

ಅದು ಸದ್ಯಕ್ಕೆ ದೂರದ ಮಾತು, ನನಗೂ ಗೊತ್ತು. ಹತ್ತಿರದ ಒಂದು ಪಾಠ ಜರ್ಮನಿಯಲ್ಲಿದೆ. ಅಲ್ಲಿ ಚಾನ್ಸೆಲರ್ ಅಂದರೆ ದೇಶದ ಸರ್ಕಾರ ನಡೆಸುವವರು. 1949ರ ಅವರ ಸಂವಿಧಾನದಲ್ಲಿ ಒಂದು ನಿಯಮ ಇದೆ. ಸಂಸತ್ತು ಅವಿಶ್ವಾಸ ತೋರಿಸಿ ಚಾನ್ಸೆಲರನ್ನು ಇಳಿಸಬೇಕಾದರೆ, ಮುಂದಿನವರನ್ನು ಅದೇ ಮತದಲ್ಲಿ ಆರಿಸಿಯೇ ಇಳಿಸಬೇಕು. 1982ರಲ್ಲಿ ಶ್ಮಿಟ್ ಇಳಿದಾಗ ಕೋಲ್ ಆಯ್ಕೆ ಆಗಿಯೇ ಇತ್ತು. ಕುರ್ಚಿ ಖಾಲಿ ಬೀಳಲಿಲ್ಲ. ನಮ್ಮಲ್ಲಿ ವಿಸಿಯ ಅವಧಿ ಯಾವತ್ತು ಮುಗಿಯುತ್ತದೆ ಅಂತ ಮೊದಲ ದಿನದಿಂದಲೇ ಗೊತ್ತಿರುತ್ತದೆ. ಆದರೂ ಕೇರಳದಲ್ಲಿ ಎಷ್ಟೋ ವಿಶ್ವವಿದ್ಯಾಲಯಗಳು ಪ್ರಭಾರ ವಿಸಿಗಳ ಕೈಯಲ್ಲಿ ಕಾಲ ತಳ್ಳಿದವು. ಕೊನೆಗೆ 2025ರಲ್ಲಿ ಎರಡು ವಿಶ್ವವಿದ್ಯಾಲಯಗಳಿಗೆ ವಿಸಿ ಹುಡುಕಲು ಸುಪ್ರೀಂ ಕೋರ್ಟೇ ನಿವೃತ್ತ ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಅವರ ಸಮಿತಿ ಮಾಡಬೇಕಾಯಿತು.

ಆದ್ದರಿಂದ ಮಂಜೇಶ್ವರ, ಕಾಸರಗೋಡು ಶಾಸಕರಲ್ಲಿ ನನ್ನ ಕೋರಿಕೆ ಇಷ್ಟು. ಯಾವ ಪಕ್ಷದವರೇ ಇರಿ, ವಿಶ್ವವಿದ್ಯಾಲಯ ಕಾಯ್ದೆಯ ತಿದ್ದುಪಡಿ ಮತ್ತೆ ಸಭೆಗೆ ಬಂದಾಗ ಎರಡು ಸಾಲು ಸೇರಿಸಲು ಕೇಳಿ. ಹಳೆಯ ವಿಸಿ ಹೋಗುವ ಮೊದಲೇ ಹೊಸಬರ ಆಯ್ಕೆ ಮುಗಿದಿರಬೇಕು ಎಂಬುದು ಒಂದು. ಬೋರ್ಡ್ ಆಫ್ ಸ್ಟಡೀಸ್‌ನ ಹೆಸರುಗಳಿಗೆ ಚಾನ್ಸೆಲರ್ ಇಷ್ಟು ದಿನದೊಳಗೆ ಸಹಿ ಹಾಕಬೇಕು, ಹಾಕದಿದ್ದರೆ ಕಾರಣ ಬರೆದು ಕೊಡಬೇಕು ಎಂಬುದು ಇನ್ನೊಂದು. ಈ ಬರಹದ ಪ್ರತಿಯನ್ನು ಇಬ್ಬರಿಗೂ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಒಪ್ಪಿಗೆ ಇರುವವರು ನಿಮ್ಮ ಹೆಸರಿನಲ್ಲೂ ಒಂದು ಕಳಿಸಿ.